ಹತ್ತೊಂಬತ್ತನೆಯ ಪದರ

ಪಶುರೋಗ ಪ್ರಯೋಗಾಲಯದಲ್ಲಿ ಅವಳು ಎಲ್ಲರಿಗೂ ‘ಮೇಣದಕ್ಕ’. ಸತ್ತ ದನ, ನಾಯಿಗಳ ಅಂಗಾಂಶವನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ ನೋಡುವುದರಲ್ಲೇ ಇಪ್ಪತ್ತಮೂರು ವರ್ಷ ಸವೆದಿತ್ತು. ರೋಗಾಣುವನ್ನು ಮೊದಲು ಕಾಣುವ ಕಣ್ಣು ಅವಳದು. ಸಹಿ ಮಾತ್ರ ಡಾಕ್ಟರದು.

ತಂಗಿಯ ಮನೆಯಲ್ಲಿ ಹನ್ನೊಂದು ಹಸುಗಳಿದ್ದವು. ಗಬ್ಬದ ಒಂದು ಹಸು ಐದನೆಯ ತಿಂಗಳಲ್ಲೇ ಕಂದು ಹಾಕಿದಾಗ, ಸತ್ತು ಬಿದ್ದ ಕರುವಿನ ಮಿದುಳು ಡಬ್ಬಿಯಲ್ಲಿ ಅವಳ ಮೇಜಿಗೆ ಬಂತು. ಅಚ್ಚನ್ನು ತಳದವರೆಗೂ ಕೊಯ್ದು ನೋಡುವುದು ಅಲ್ಲಿನ ಕ್ರಮ. ಆದರೆ ತಂಗಿ ಬೆಳಗಿನಿಂದ ಎರಡು ಸಲ ಫೋನಿನಲ್ಲಿ ಅತ್ತಿದ್ದಳು. ಆರು ಪದರದಲ್ಲಿ ಏನೂ ಕಾಣದಾಗ, ಬೇಗ ಸಮಾಧಾನ ಹೇಳಲೆಂದು ಅಕ್ಕ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಿದಳು.

“ಏನೂ ಇಲ್ಲ ಕಣೇ, ಸುಮ್ನೆ ಹೆದರಬೇಡ.”

ಅಕ್ಕನ ಮಾತೆಂದರೆ ಆ ಮನೆಯಲ್ಲಿ ಕಲ್ಲಿನ ಮೇಲಿನ ಗೆರೆ. ತಂಗಿಯ ಗಂಡ ಎಂದಿನಂತೆ, ಕರುವಿನ ಹಿಂದೆ ಹೊರಬೀಳುವ ಮಾಸನ್ನು ಕೊಟ್ಟಿಗೆಯ ನಾಯಿಗೆ ಎಸೆಯುತ್ತಲೇ ಇದ್ದ.

ನಾಲ್ಕು ತಿಂಗಳಲ್ಲಿ ಮತ್ತೆ ಮೂರು ಹಸುಗಳು ಕಂದು ಹಾಕಿದವು. ಅಕ್ಕನ ಮಾತು ನಂಬಿ ಮೊದಲೆರಡನ್ನು ಅವರು ಪರೀಕ್ಷೆಗೆ ಕಳಿಸಿರಲಿಲ್ಲ. ಕೊನೆಯ ಕರುವಿನ ಮಿದುಳಿನ ಎರಡನೆಯ ಪದರದಲ್ಲೇ, ರೋಗಾಣುಗಳು ಕಿಕ್ಕಿರಿದ ಒಂದು ದುಂಡು ಚೀಲ ಕಂಡಿತು. ಮಾಸು ತಿಂದ ನಾಯಿಯ ಮಲದಿಂದ ಮೇವಿಗೆ, ಮೇವಿನಿಂದ ಹಸುವಿನ ಹೊಟ್ಟೆಗೆ ಸೇರುವ ಏಕಕೋಶಜೀವಿ ಅದು.

ಅವಳು ಕಪಾಟಿನಲ್ಲಿದ್ದ ಮೊದಲ ಕರುವಿನ ಅಚ್ಚನ್ನು ತೆಗೆದು, ಉಳಿದದ್ದನ್ನು ಕೊಯ್ಯತೊಡಗಿದಳು. ಹತ್ತೊಂಬತ್ತನೆಯ ಪದರದಲ್ಲಿ ಅದೇ ಚೀಲ.

ಕೊಯ್ದ ಪದರಗಳಿಗೆ ಬಣ್ಣ ಹಾಕುವ ಸಹೋದ್ಯೋಗಿ ಇಣುಕಿ ನಕ್ಕ. “ಹಳೇದನ್ನ ಯಾಕೆ ಕೆದಕ್ತೀರಿ ಮೇಣದಕ್ಕ? ಸತ್ತ ಕರು ಎದ್ದು ಬಂದು ಸಾಕ್ಷಿ ಹೇಳುತ್ತಾ?”

“ಹೇಳ್ತಾ ಇದೆ. ಬಂದು ನೋಡು.”

ನೋಡಿದವನ ನಗು ಅಲ್ಲೇ ಇಂಗಿತು. “ಹೊಸ ವರದಿ ಕೊಟ್ರೆ ಸಾಕಲ್ಲ. ಇದು ಯಾರಿಗೆ ಗೊತ್ತಾಗುತ್ತೆ?”

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡೂ ಗಾಜುಗಳನ್ನು ಡಾಕ್ಟರ ಮೇಜಿನ ಮೇಲಿಟ್ಟು, ನಡೆದದ್ದನ್ನು ಹೇಳಿ, ಅವಳು ಮೊಗಸಾಲೆಗೆ ಬಂದು ಫೋನ್ ಮಾಡಿದಳು.

“ಮೊದಲನೇ ಕರುವಲ್ಲೇ ಇತ್ತು ಕಣೇ. ನಾನು ಪೂರ್ತಿ ನೋಡ್ಲಿಲ್ಲ.”

ಫೋನು ಕೈ ಬದಲಾಯಿತು.

“ಅತ್ತಿಗೆ, ಅವತ್ತೇ ಹೇಳಿದ್ರೆ ನಾಯಿನ ಕಟ್ಟಿ ಹಾಕ್ತಿದ್ವಲ್ಲ,” ಎಂದ ತಂಗಿಯ ಗಂಡ.

“ಹೌದು, ತಪ್ಪು ನಂದೇ. ಇನ್ನು ಮಾಸನ್ನ ಆಳವಾಗಿ ಹೂತುಬಿಡಿ. ನಾಯಿ ಮೇವಿನ ಹತ್ರ ಸುಳಿಯೋದು ಬೇಡ. ಉಳಿದ ಹಸುಗಳ ರಕ್ತ ಪರೀಕ್ಷೆಗೆ ಕಳಿಸಿ.”

“ಕಳಿಸ್ತೀವಿ.” ಅವನು ಕೇಳಿದ, “ಅದನ್ನ ಯಾರು ನೋಡ್ತಾರೆ?”

“ಡಾಕ್ಟರೇ ನೋಡ್ತಾರೆ.”

“ಹಾಗಾದ್ರೆ ಸರಿ,” ಎಂದು ಅವನು ಫೋನ್ ಇಟ್ಟ.