ಮೂರನೇ ನಿಮಿಷದ ಆಚೆ

ನಮ್ಮ ಚಿಕ್ಕಪ್ಪನಿಗೆ ವಿದ್ಯುತ್ ಚಿತಾಗಾರದಲ್ಲಿ ಕೆಲಸ. ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂತು ಸತ್ತವರು ಮೆಚ್ಚಿದ ಹಾಡು ಹಾಕಬೇಕು, ಮೂರನೇ ನಿಮಿಷಕ್ಕೆ ಶವದ ಮುಂದೆ ಪರದೆ ಎಳೆಯಬೇಕು, ಧ್ವನಿಯ ಗುಂಡಿ ತಿರುಗಿಸಿ ಹಾಡನ್ನು ಮೆಲ್ಲಗೆ ಅಡಗಿಸಬೇಕು. ಅಷ್ಟರಲ್ಲಿ ಮುಂದಿನ ಶವದ ಮನೆಯವರು ಬಾಗಿಲಲ್ಲಿ ನಿಂತಿರುತ್ತಾರೆ.

ಅರವತ್ತರ ದಶಕದಲ್ಲಿ ಕೂದಲು ಬಿಟ್ಟುಕೊಂಡು ಕುಣಿದವರೆಲ್ಲ ಈಗ ಒಬ್ಬೊಬ್ಬರಾಗಿ ಅಲ್ಲಿಗೆ ಬರುತ್ತಿದ್ದಾರೆ. ಎಲ್ಲರಿಗೂ ಬೇಕಾದದ್ದು ಒಂದೇ ರಾಕ್ ಹಾಡು. ಅದರಲ್ಲಿ ಗಿಟಾರ್ ಹೊಗೆಯ ಹಾಗೆ ಸುರುಳಿ ಸುತ್ತುತ್ತದೆ, ಹಾಡುವವನು ನೀರಿನೊಳಗಿಂದ ಕರೆದಂತೆ ಕೇಳುತ್ತದೆ. "ನಮ್ಮಪ್ಪಂಗೆ ಇದು ಅಂದ್ರೆ ಪ್ರಾಣ, ನೀವು ಕೇಳಿರಲ್ಲ ಬಿಡಿ" ಎಂದು ಮಕ್ಕಳು ವಿವರಿಸುತ್ತಾರೆ. ವಾರಕ್ಕೆ ನಾಲ್ಕು ಸಲ ಅದನ್ನೇ ಹಾಕುವ ಚಿಕ್ಕಪ್ಪ "ಹೌದಾ" ಎನ್ನುತ್ತಾನೆ. ಅವನಿಗೆ ಅದು ಹಿಡಿಸಿತ್ತೋ ಇಲ್ಲವೋ, ಕೇಳುವ ಗೋಜಿಗೆ ನಾವ್ಯಾರೂ ಹೋಗಲಿಲ್ಲ.

ಹೋದ ತಿಂಗಳು ಚಿಕ್ಕಮ್ಮ ತೀರಿಕೊಂಡಳು. ಅವಳು ಬರೆದಿಟ್ಟ ಚೀಟಿಯಲ್ಲೂ ಅದೇ ಹಾಡು.

"ಇವತ್ತಾದ್ರೂ ಮುಂದೆ ಬಂದು ಕೂತ್ಕೋ ಚಿಕ್ಕಪ್ಪ" ಎಂದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಜಿನ ಕೋಣೆಗೆ ಹೋಗಿ ಹಾಡು ಹಾಕಿದ, ಮೂರನೇ ನಿಮಿಷಕ್ಕೆ ಸರಿಯಾಗಿ ಪರದೆ ಎಳೆದ. ಗುಂಡಿ ಮಾತ್ರ ಮುಟ್ಟಲಿಲ್ಲ. ಹಾಡು ಮುಗಿಯುವ ತನಕ ನಾವೆಲ್ಲ ಮುಚ್ಚಿದ ಪರದೆಯನ್ನೇ ನೋಡುತ್ತ ಕೂತೆವು.

ಹೊರಗೆ ಬಂದಾಗ ಅವನ ಕಣ್ಣು ಒಣಗಿತ್ತು. "ಇಷ್ಟು ವರ್ಷ ಹಾಕಿದೀನಿ, ಅದರ ಕೊನೆ ಕೇಳಿರ್ಲೇ ಇಲ್ಲ ಕಣೋ."

"ಹೇಗಿತ್ತು?"

"ಕೊನೇನೇ ಇಲ್ಲ. ಹಾಡು ರೆಕಾರ್ಡ್ ಮಾಡೋ ಕಡೇನೂ ಯಾವನೋ ನನ್ನ ಹಾಗೇ ಮೆಲ್ಲಗೆ ಗುಂಡಿ ತಿರುಗಿಸಿದಾನೆ, ಅಷ್ಟೇ."