ಅವ್ವನ ಕಟ್ಟೆಯ ಮೇಲೆ ಎತ್ತದ ಕೋಲು

ಬೆಳಗಿನ ಆರೂಕಾಲು. ಅರಕಲಗೂಡು ಕಡೆಯ ಹೇಮಾವತಿ ಹಿನ್ನೀರು. ದೋಣಿಯ ಅಂಚಿನಲ್ಲಿ ಮಂಡಿಯೂರಿರುವ ಸಿದ್ದೇಶ ಎರಡೂ ಕೈಯಲ್ಲಿ ಕಬ್ಬಿಣದ ಕೋಲು ಹಿಡಿದಿದ್ದಾರೆ. ನೀರೊಳಗಿರುವ ಅದರ ತುದಿಗೆ ಸೋನಾರ್ ಕಟ್ಟಿದೆ. ಅದು ತಳಕ್ಕೆ ಸದ್ದು ಕಳಿಸಿ, ಮರಳಿದ್ದನ್ನು ಕೇಳುತ್ತದೆ. ಬಂಡೆಯಿಂದ ಸದ್ದು ಗಟ್ಟಿಯಾಗಿ ಬರುತ್ತದೆ, ಹೂಳು ಅರ್ಧ ನುಂಗುತ್ತದೆ, ಜಲ್ಲಿ ಚದುರಿಸುತ್ತದೆ. ತಳದಲ್ಲಿ ಎಷ್ಟು ಬಗೆಯೋ ಅಲ್ಲಿ ಬದುಕುವ ಜೀವಗಳೂ ಅಷ್ಟು ಬಗೆ. ಲ್ಯಾಪ್‌ಟಾಪ್ ಮುಂದೆ ಕೂತ ಸಂಶೋಧಕಿ ಪ್ರತಿಭಾ ಅದನ್ನೇ ನಕ್ಷೆ ಮಾಡುತ್ತಿದ್ದಾರೆ.

ಸಿದ್ದೇಶರಿಗೆ ನಲವತ್ತೇಳು. ಹಾಲು ಕುಡಿಯುವ ವಯಸ್ಸಿನಲ್ಲೇ ಊರು ಮುಳುಗಿತು. ಮೀನು ಹಿಡಿದು ಬದುಕಿದವರು, ಮೂರು ವಾರದಿಂದ ಈ ಕೋಲು ಹಿಡಿದಿದ್ದಾರೆ. ದೋಣಿ ನೇರಕ್ಕೆ ಸಾಗಿ ಅಳೆಯುವ ಒಂದೊಂದು ಸಾಲೂ ಒಂದು ಗೆರೆ. ದಿನಕ್ಕೆ ಹದಿನಾಲ್ಕು ಗೆರೆ, ಐದು ಗಂಟೆ. ಕೋಲು ಅಲುಗಿದರೆ ಗೆರೆ ಕೆಟ್ಟಿತು.

"ಸಂಜೆ ಉಣ್ಣಕ್ಕೆ ಕೈ ಬಾಯಿಗೋಗಲ್ಲ ಕಣವ್ವ."

ಎಂಜಿನ್ ಹಿಡಿದಿರುವ ಹೆಂಡತಿ ನಂಜಮ್ಮ ಬಿಡುವುದಿಲ್ಲ: "ಅಂಗಂತ ಎರಡು ಮುದ್ದೆಗೆ ಒಂದು ಕಮ್ಮಿ ಆಗಿಲ್ಲ."

ಇಂದು ಅಳತೆಯ ಕೊನೆಯ ದಿನ. ನಿನ್ನೆ ಒಂಬತ್ತನೇ ಗೆರೆಯಲ್ಲಿ ಸದ್ದು ಕಡಿದು, ನಕ್ಷೆಯಲ್ಲಿ ಅಷ್ಟು ಜಾಗ ಖಾಲಿ ಉಳಿಯಿತು. ಮುಂದೆ ಹೂಳೆತ್ತುವುದು ಇದೇ ನಕ್ಷೆ ನೋಡಿ; ಖಾಲಿ ಜಾಗ ಹೂಳಿನ ಲೆಕ್ಕಕ್ಕೆ ಸೇರಿದರೆ ಹೂಳೆತ್ತುವ ಯಂತ್ರ ಅಲ್ಲಿಗೂ ಇಳಿಯುತ್ತದೆ. ಅಲ್ಲಿರುವುದು ಮೀನು ಮೊಟ್ಟೆಯಿಡುವ ಜಲ್ಲಿ. ಸಿದ್ದೇಶರ ಬಲೆ ತುಂಬುವುದೇ ಅದರಿಂದ.

ಬೆಳಿಗ್ಗೆ ದಡದಲ್ಲೇ ಅವರು ಬಾಯಿಬಿಟ್ಟರು: "ಮಿಷೀನು ಸರಿಯಾಗೇ ಅದೆ ಕಣವ್ವ. ಕೋಲು ಎತ್ತಿದ್ದು ನಾನೇ."

ಮುಳುಗಿದ ಊರಿನ ಮಾರಮ್ಮನ ಕಟ್ಟೆ ಇರುವುದು ಆ ಗೆರೆಯಲ್ಲೇ. ಅಲ್ಲಿಗೆ ಬಂದಾಗ ಇಲ್ಲಿನ ದೋಣಿಯವರು ಹುಟ್ಟನ್ನು ನೀರಿನಿಂದ ಮೇಲೆತ್ತುತ್ತಾರೆ. ಅವ್ವನ ತಲೆ ಮೇಲೆ ಹುಟ್ಟಾಡಿಸಬಾರದು. ಸಿದ್ದೇಶರ ಕೈ ತಾನಾಗಿಯೇ ಎತ್ತಿಬಿಟ್ಟಿತ್ತು.

"ನಿನ್ನೆನೇ ಹೇಳೋಕೇನಾಗಿತ್ತು ಸಿದ್ದೇಶಣ್ಣ? ಮಿಷೀನಿಗೆ ಸುಮ್ನೆ ಬೈದ್ನಲ್ಲ!"

"ನೀವು ನಗ್ತೀರಿ ಅಂತ."

ಇಂದು ಏಳೂವರೆಗೇ ಗಾಳಿ ಏಳುವ ಮುನ್ಸೂಚನೆ ಇದೆ. ಅಲೆ ಬಂದರೆ ಅಳತೆ ನಿಂತಂತೆ. ದಾರಿಯಲ್ಲಿನ ಉಳಿದ ಗೆರೆ ಮುಗಿಸಿ ಒಂಬತ್ತನೆಯದು ಮತ್ತೆ ಶುರುವಾದಾಗ ಏಳೂ ಇಪ್ಪತ್ತು. ನೀರು ಆಗಲೇ ಸಣ್ಣಗೆ ನಡುಗುತ್ತಿದೆ.

"ಕಟ್ಟೆ ಬಂತು," ಎನ್ನುತ್ತಾರೆ ನಂಜಮ್ಮ. "ಗಟ್ಟಿ ಹಿಡ್ಕೊ. ಅವ್ವ ಕೇಳಿದ್ರೆ ನಾನು ಏಳ್ಕತೀನಿ."

ಸಿದ್ದೇಶರ ಮೊಣಕೈ ಮೇಲಕ್ಕೆ ಜಗ್ಗುತ್ತದೆ. ಅವರು ಎದೆಯನ್ನೇ ಕೋಲಿಗೆ ಒತ್ತಿ ಹಿಡಿಯುತ್ತಾರೆ. ತುಟಿ ಅಲುಗುತ್ತಿದೆ. ಅಲೆಯೊಂದು ದೋಣಿಗೆ ಬಡಿಯುತ್ತದೆ, ಇನ್ನೊಂದು. ಪರದೆಯ ಮೇಲೆ ಜಲ್ಲಿಯ ಒರಟು ಚುಕ್ಕಿಗಳು ಮೂಡುತ್ತವೆ, ನಡುವೆ ಚೌಕಾಕಾರದ ಗಟ್ಟಿ ಗುರುತು, ಮತ್ತೆ ಒರಟು ಚುಕ್ಕಿ. ಎಲ್ಲೂ ಕಡಿದಿಲ್ಲ.

"ಅವ್ವಂಗೆ ತಾಗ್ಲಿಲ್ವಲ್ಲ?"

"ನಡುವೆ ಆರು ಮಾರು ನೀರಿದೆ ಸಿದ್ದೇಶಣ್ಣ."

ಅವರು ಉಸಿರು ಬಿಡುತ್ತಾರೆ. ಕೋಲು ಇನ್ನೂ ನೀರಲ್ಲೇ ಇದೆ.

"ಅಂಗಾದ್ರೆ ಜಲ್ಲಿ ಅಂತ್ಲೇ ಬರ್ಕಳಿ ಕಣವ್ವ. ಅವ್ವನ ಸುತ್ತಾನೂ ಜಲ್ಲಿನೇಯ."