ಅವ್ವನ ಆರು ಸಾವಿರ ಹೆಜ್ಜೆ

ಆ ಚಳಿಗಾಲದಲ್ಲಿ ನನ್ನ ಬೆಳಗು ಶುರುವಾಗುತ್ತಿದ್ದುದು ಅವ್ವನ ಹೆಜ್ಜೆಗಳಿಂದ. ಅವ್ವ ಇರುವುದು ಬಬಲೇಶ್ವರದಲ್ಲಿ, ತಮ್ಮನ ಮನೆಯಲ್ಲಿ. ನಾನು ವಿಜಯಪುರದ ಜಲನಗರದಲ್ಲಿ. "ದಿನಾ ನಡೀದಿದ್ರ ಮೊಣಕಾಲು ಬಿಗದು ಹಾಸಿಗಿ ಹಿಡೀತೀರಿ" ಎಂದು ಡಾಕ್ಟರು ಅವಳನ್ನು ಹೆದರಿಸಿದ ಮೇಲೆ ನಾನೇ ಅವಳ ಬಲಗೈಗೆ ಒಂದು ಸ್ಮಾರ್ಟ್ ವಾಚು ಕಟ್ಟಿ ಬಂದಿದ್ದೆ. ಅವಳು ಇಟ್ಟ ಹೆಜ್ಜೆಗಳ ಲೆಕ್ಕ ತಮ್ಮನ ಫೋನಿನಿಂದ ನನ್ನ ಮೊಬೈಲಿನ ಆ್ಯಪಿಗೆ ಬರುತ್ತಿತ್ತು.

ಚಹಾ ಹಿಡಿದು ಮಾಳಿಗೆಯ ಮೇಲೆ ಕೂತರೆ ಮಂಜಿನಲ್ಲಿ ಬೀದಿಯೇ ಕರಗಿಹೋಗಿರುತ್ತಿತ್ತು. ಅಂಕಿ ಮಾತ್ರ ಏರುತ್ತಿತ್ತು: ನಾನೂರು, ಒಂಬೈನೂರು, ಎರಡು ಸಾವಿರ. ಕಣ್ಣು ಮುಚ್ಚಿ ಅವಳ ಹಿಂದೆ ಹೋಗುತ್ತಿದ್ದೆ. ಬೇವಿನ ಮರ ದಾಟಿದಳು. ಕಡಲೆ ಹೊಲದ ಬದುವಿಗೆ ಬಂದಳು, ಇಬ್ಬನಿಗೆ ಸೀರೆಯ ಅಂಚು ತೊಯ್ದಿದೆ. ಟಿಕೋಟಾ ಕಡೆಯ ದಾರಿಗೆ ಹೊರಳಿದಳು. ಸಣ್ಣವಳಿದ್ದಾಗ ಅದೇ ದಾರಿಯಲ್ಲಿ ಅವಳ ಸೆರಗು ಹಿಡಿದು ಓಡುತ್ತಿದ್ದೆ. ಕೆಲವು ದಿನ ಆ ಸೆರಗೂ ಅಂಗೈಗೆ ಸಿಕ್ಕಂತಾಗುತ್ತಿತ್ತು. ಒಂಬತ್ತು ಗಂಟೆಯಷ್ಟರಲ್ಲಿ ಆರು ಸಾವಿರ. "ಭಾಳ ಚಲೋ ನಡದೀ ಯವ್ವಾ" ಎಂದು ಫೋನು ಮಾಡಿದರೆ "ಹೂಂ ಬೇ" ಎನ್ನುತ್ತಿದ್ದಳು. ಡಾಕ್ಟರಿಗಿಂತ ನಾನೇ ಶಾಣ್ಯಾಕಿ ಎಂಬ ಜಂಬ ನನಗೆ.

ಒಂದು ರವಿವಾರ ಹೇಳದೆ ಹೋದೆ. ಬಸ್ಸಿನಲ್ಲೂ ಅಂಕಿ ಓಡುತ್ತಲೇ ಇತ್ತು. ಇಳಿದವಳೇ ಬದುವಿನ ಕಡೆ ಹೋಗಿ ನೋಡಿದೆ, ಅವ್ವ ಇರಲಿಲ್ಲ. ಮನೆಗೆ ಬಂದರೆ ಅಡುಗೆಮನೆಯಿಂದ ಪಟಪಟ ಸದ್ದು. ತಮ್ಮನ ಹೆಂಡತಿ ಖಾನಾವಳಿಗಳಿಗೆ ರೊಟ್ಟಿ ಮಾಡಿಕೊಡುತ್ತಾಳೆ. ಅವಳು ಬೇಯಿಸುತ್ತಿದ್ದಳು, ಅವ್ವ ಕಾಲು ನೀಡಿ ಕೂತು ಬಡಿಯುತ್ತಿದ್ದಳು. ಬಳೆಗಳ ಹಿಂದೆ ವಾಚು, ಅದರ ಮೇಲೆಲ್ಲ ಜೋಳದ ಹಿಟ್ಟು. ಒಂದು ರೊಟ್ಟಿ ತವೆಗೆ ಹೋಗುವಷ್ಟರಲ್ಲಿ ನನ್ನ ಕೈಯ ಮೊಬೈಲಿನಲ್ಲಿ ಅವ್ವ ನೂರು ಹೆಜ್ಜೆ ನಡೆದುಬಿಟ್ಟಿದ್ದಳು.

ನಾಚಿಕೆಯಿಂದ ಮೊಬೈಲನ್ನು ಚೀಲಕ್ಕೆ ತುರುಕಿದೆ. "ಯಾಕ ಹೇಳಲಿಲ್ಲ ಯವ್ವಾ?" ಎಂದೆ.

"ಎದ್ದು ನಿಂತರ ಜೀವಾ ಹೋಗತೈತಿ ಬೇ. ನೀ ಅಷ್ಟು ಖುಷಿಲೆ ಫೋನ್ ಮಾಡತಿದ್ದಿ. ಹ್ಯಾಂಗ ಹೇಳ್ಲಿ?"

ವಾಚು ಬಿಚ್ಚಿಟ್ಟೆ. ರಟ್ಟೆ ಹಿಡಿದು ಎಬ್ಬಿಸಿದೆ. ಅವ್ವ ನನ್ನ ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಹೊಸ್ತಿಲು ದಾಟಿದಳು. ನಾನು ಗಟ್ಟಿಯಾಗಿ ಎಣಿಸುತ್ತ ಹೋದೆ. ಬೇವಿನ ಮರ ಇನ್ನೂ ದೂರವಿತ್ತು. ಹನ್ನೊಂದನೆಯ ಹೆಜ್ಜೆಗೆ ಅವಳು ನಿಂತಳು.